ಸವಳಿನ ಹೊಲಕ್ಕೆ ಬಂದ ಸಮುದ್ರದ ಮಷೀನು

ಜಿನ್ನವ್ವ ಹೆದರುಪುಕ್ಕಲಿ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡ ನೇಮಣ್ಣ ತೀರಿಕೊಂಡ ಮೇಲೆ ಕೆನಾಲಿನ ನೀರಿನ ಪಾಳಿಗಾಗಿ ಊರಿನ ಗಂಡಸರ ಎದುರು ನಿಂತು ಜಗಳಾಡಿದವಳು. ಕಬ್ಬಿನ ಒಣಗರಿಯ ರವದಿಯಲ್ಲಿ ಹಾವು ಕಂಡರೆ ಕೋಲು ಹುಡುಕುತ್ತಿರಲಿಲ್ಲ, ಅಹಿಂಸೆಯ ಜೈನ ಮನೆತನ ನೋಡಿ, ಸೆರಗು ಸರಿಮಾಡಿಕೊಂಡು ದಾರಿ ಬಿಟ್ಟು ನಿಲ್ಲುತ್ತಿದ್ದಳು. ಮಗಳು ಮಯೂರಿಯನ್ನು ಬೆಲ್ಲದ ಬಾಗೇವಾಡಿಗೆ ಕೊಟ್ಟು, ಬೀಗರ ಕೊಂಕು ಮಾತಿಗೆಲ್ಲ ನಗುನಗುತ್ತಲೇ ಉತ್ತರ ಕೊಟ್ಟು ಬಂದವಳು. ಅಂಥವಳು ಒಂದು ಕೋಲು, ಕೋಲಿನ ತುದಿಗೆ ತಾಟಿನಂಥದೊಂದು ಚಕ್ರ, ಅಷ್ಟನ್ನು ನೋಡಿ ಹೆದರಿದಳು ಎಂದರೆ ಮೂಡಲಗಿಯಲ್ಲಿ ಯಾರೂ ನಂಬುವುದಿಲ್ಲ.

ಆ ಕೋಲನ್ನು ಮನೆಗೆ ತಂದವನು ಮೈದುನ ಧನಪಾಲ. ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆ, ಕಬ್ಬು ಕಡಿದು ಕೈ ಖಾಲಿಯಿದ್ದ ದಿನಗಳು. ಭೂಮಿಯೊಳಗಿನ ಲೋಹ ಹುಡುಕುವ ಮಷೀನು ಅದು. ಮಷೀನಿನ ಜೊತೆ ಮಷೀನಿನವನೂ ಬಂದಿದ್ದ. ಹೆಸರು ಗುಡ್ಡಪ್ಪ, ಊರು ಹುಕ್ಕೇರಿ ಕಡೆಯ ಕಣಗಲಾ. ಕೊಂಕಣದ ಸಮುದ್ರದ ದಂಡೆಯಲ್ಲಿ ಉಸುಕಿನೊಳಗೆ ಕಳೆದುಹೋದ ಉಂಗುರ, ಸರ ಹುಡುಕಿಕೊಡುತ್ತ ಕೆಲವು ವರ್ಷ ಬದುಕಿದವನು. ಮಾತು ಸ್ವಲ್ಪ ಹೆಚ್ಚೇ.

ಹುಡುಕಬೇಕಾದದ್ದು ಕೆಳಗಿನ ಹೊಲದಲ್ಲಿ. ಆ ಹೊಲದ ಕಥೆ ಸುತ್ತಿನ ಹತ್ತೂರಿನ ಕಥೆಯೇ. ಒಂದು ಕಾಲಕ್ಕೆ ಕೈಯಿಟ್ಟರೆ ಬೆಣ್ಣೆಯಂಥ ಕರಿ ಮಣ್ಣು. ಕೆನಾಲಿಗೆ ನೀರು ಬಂದದ್ದೇ ತಡ, ನೀರು ಹೆಚ್ಚು ಬಿಟ್ಟಷ್ಟು ಕಬ್ಬು ಹೆಚ್ಚು ಎಂದು ಎಲ್ಲರೂ ಹಗಲೂ ರಾತ್ರಿ ನೀರು ಹಾಯಿಸಿದರು. ಜಿನ್ನವ್ವನ ಮಾವ ಆದಪ್ಪ ಸಾವಕಾರರೂ ಹಾಯಿಸಿದರು. ನೆಲದ ಹೊಟ್ಟೆಯೊಳಗಿನ ಉಪ್ಪು ಮೇಲೆದ್ದು ಬಂತು. ಅತಿಯಾಸೆ ಗತಿಗೇಡು ಎಂದು ಸಾಲಿಯಲ್ಲಿ ಓದಿದವರೇ ಎಲ್ಲ, ಹೊಲಕ್ಕಿಳಿದಾಗ ಯಾರಿಗೂ ನೆನಪಾಗಲಿಲ್ಲ. ಈಗ ಅಲ್ಲಿ ಬಿಳಿ ಸವಳು, ಅಲ್ಲೊಂದು ಇಲ್ಲೊಂದು ಜಾಲಿ. ಧನಪಾಲ ಬೇಸಿಗೆಗೊಮ್ಮೆ ಟ್ರ್ಯಾಕ್ಟರ್ ಹಚ್ಚಿ ಮೇಲಿನ ಉಪ್ಪು ಕೆರೆಸಿ ಹಾಕಿಸುತ್ತಿದ್ದ. ಹೊಲ ಇಳಿಯುತ್ತ ಹೋಯಿತು, ಉಪ್ಪು ಮಾತ್ರ ಹೋಗಲಿಲ್ಲ.

ಹಾಳು ಹೊಲದಲ್ಲಿ ಏನಿದೆ ಹುಡುಕಲಿಕ್ಕೆ? ಮೂರು ವರ್ಷದ ಹಿಂದೆ ಆದಪ್ಪ ಸಾವಕಾರರಿಗೆ ಲಕ್ವಾ ಹೊಡೆದು ನಾಲಿಗೆ ಬಿದ್ದುಹೋಗಿತ್ತು. ಸಾಯುವ ಹಿಂದಿನ ವಾರ ಅವರು ಎಡಗೈ ಎತ್ತಿ ಕಿಟಕಿಯಾಚೆಯ ಕೆಳಗಿನ ಹೊಲದತ್ತ ಮತ್ತೆ ಮತ್ತೆ ತೋರಿಸಿದರು. ಗಂಟಲಿನಿಂದ ಏನೋ ಶಬ್ದ ಬರುತ್ತಿತ್ತು, ಕಣ್ಣಿನಿಂದ ನೀರು. ಜಿನ್ನವ್ವ ಚಮಚದಿಂದ ಗಂಜಿ ಹಾಕುತ್ತಿದ್ದಳು, ಧನಪಾಲ ಕಾಲು ಒತ್ತುತ್ತಿದ್ದ. ಹಾಗೆ ತೋರಿಸುತ್ತಲೇ ಅವರು ಹೋದರು. ಮೊದಲಿನ ಕಾಲದಲ್ಲಿ ಗೋಕಾಕಕ್ಕೆ ಬೆಲ್ಲ ಹೇರಿಕೊಂಡು ಹೋಗಿ ಬೆಳ್ಳಿ ರೂಪಾಯಿ ತಂದ ಮನುಷ್ಯ ಅವರು. ಊರು ಸುಮ್ಮನಿದ್ದೀತೆ? ಸಾವಕಾರ ಹಂಡೆ ಹೂಳಿಟ್ಟಿದ್ದಾನೆ, ಮಕ್ಕಳಿಗೆ ಹೇಳಲಾಗದೆ ಸತ್ತ ಎಂದು ಕಟ್ಟೆಯ ಮೇಲೆ ಕೂತವರೆಲ್ಲ ತೀರ್ಪು ಕೊಟ್ಟರು. ಧನಪಾಲ ಆಸೆಬುರುಕನಲ್ಲ. ಆದರೆ ಅಪ್ಪ ಏನೋ ಹೇಳಬೇಕೆಂದಿದ್ದ, ನನಗೆ ತಿಳಿಯಲಿಲ್ಲ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು.

ಮೊದಲ ದಿನ ಗುಡ್ಡಪ್ಪ ಸಣ್ಣ ಮಷೀನು ತೆಗೆದುಕೊಂಡು ಹೊಲಕ್ಕಿಳಿದ. ಅದು ಇಳಿದಲ್ಲಿಂದಲೇ ಚೀರತೊಡಗಿತು. ಬದುವಿನಲ್ಲೂ ಚೀರಿತು, ನಡುವಿನಲ್ಲೂ ಚೀರಿತು, ಎತ್ತಿ ಹಿಡಿದಾಗಷ್ಟೇ ಬಾಯಿ ಮುಚ್ಚಿತು. ಮನೆಯ ಹಿತ್ತಲಿನಲ್ಲಿ ನಿಂತಿದ್ದ ಜಿನ್ನವ್ವನಿಗೆ ಆ ಚೀರಾಟ ಕೇಳಿ ಹೋದ ಜೀವ ಬಂದಂತಾಯಿತು. ಎಲ್ಲ ಕಡೆಯೂ ಚೀರುವ ಮಷೀನು ಎಲ್ಲಿಯೂ ಏನನ್ನೂ ತೋರಿಸಲಾರದು ಎಂಬಷ್ಟು ಬುದ್ಧಿ ಅವಳಿಗಿತ್ತು. ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಇಬ್ಬರನ್ನೂ ಕೂರಿಸಿ, ಗುಡ್ಡಪ್ಪನಿಗೆ ಕಡಲೆ ಹಿಟ್ಟಿನ ಜುಣಕ ಎರಡೆರಡು ಸಲ ಬಡಿಸಿದಳು.

ಅವನು ಉಣ್ಣುತ್ತ ಉಣ್ಣುತ್ತ ಸಮಜಾಯಿಷಿ ಕೊಟ್ಟ. ಒಣ ನೆಲಕ್ಕೆ ಈ ಮಷೀನು ಬಲು ಚಲೋ. ಹಸಿ ಉಪ್ಪಿದ್ದಲ್ಲಿ ಕೆಡುತ್ತದೆ, ಉಪ್ಪನ್ನೇ ಲೋಹ ಎಂದು ತಿಳಿಯುತ್ತದೆ. ಸಮುದ್ರದ ದಂಡೆಯಲ್ಲೂ ಇದೇ ಫಜೀತಿ, ತೆರೆ ತೊಯಿಸಿ ಹೋದ ಉಸುಕಿನ ಮೇಲೆ ಇದು ಹುಚ್ಚು ಹಿಡಿದಂತೆ ಕೂಗುತ್ತದೆ. ಅದಕ್ಕೆಂದೇ ಬೇರೆ ಮಷೀನು ಇದೆ. ಅದು ನೆಲಕ್ಕೆ ಬಡಿದು ಬಡಿದು ಕೇಳುತ್ತದೆ, ಉಪ್ಪಿನ ಗದ್ದಲ ಅದರ ಕಿವಿಗೆ ಬೀಳುವುದೇ ಇಲ್ಲ, ಆಳಕ್ಕೂ ಹೋಗುತ್ತದೆ. ದೋಷವೆಂದರೆ ಬಂಗಾರ, ಮೊಳೆ, ಎಲ್ಲಕ್ಕೂ ಅದರದು ಒಂದೇ ದನಿ, ಹೀಗಾಗಿ ಅಗೆಯುವುದು ಹೆಚ್ಚು. ಮೂರನೆಯದು ಒಂದಿದೆ, ಉಪ್ಪಿಗೂ ಹೆದರುವುದಿಲ್ಲ, ಇದು ಕಬ್ಬಿಣ ಇದು ಬೆಳ್ಳಿ ಎಂದು ಬೇರೆ ಮಾಡಿಯೂ ಹೇಳುತ್ತದೆ. ಆದರೆ ಅದು ಗೋವಾದ ಗೆಳೆಯನ ಹತ್ತಿರ ಇದೆ, ಅಷ್ಟು ಆಳಕ್ಕೂ ಇಳಿಯದು. ಸಮುದ್ರದ ಆ ಎರಡನೆಯದು ಮಾತ್ರ ಈಗಲೇ ತಾನು ತಂದ ಟೆಂಪೋದಲ್ಲಿದೆ.

ಧನಪಾಲ ಕೈ ತೊಳೆದುಕೊಂಡು ಬಂದು, ಯಾವುದು ಆರಿಸೋಣ ಎಂದು ಅತ್ತಿಗೆಯನ್ನೇ ಕೇಳಿದ. ಮನೆಯಲ್ಲಿ ಅವಳನ್ನು ಕೇಳದೆ ಬೀಜದ ಕಬ್ಬನ್ನೂ ತಂದವನಲ್ಲ. ಅವಳು ಗುಡ್ಡಪ್ಪನ ಕಡೆ ನೋಡದೆ ಕೇಳಿದಳು: "ಆ ಸಮುದ್ರದ ಮಷೀನು, ಭಾಳ ಸಣ್ಣ ಬೆಳ್ಳಿ ಇದ್ರೂ ಹಿಡಿತೈತೇನ್ರಿ? ಹುಡುಗ್ರ ಉಡದಾರ, ಅಂಥಾದ್ದು?"

"ಹಿಡಿತೈತ್ರಿ ಅಕ್ಕಾರ. ಕಾಲುಂಗರಾ ಹುಡುಕಿ ಕೊಟ್ಟೇನಿ ನಾ."

ಅವಳು ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದಲೇ, ಸಣ್ಣದೇ ಸಾಕು, ಬ್ಯಾರೇದು ಬ್ಯಾಡ ಎಂದಳು. ಅದು ಎಲ್ಲ ಕಡೆ ಚೀರುತ್ತದಲ್ಲ ಎಂದು ಧನಪಾಲ ಅಂದದ್ದಕ್ಕೆ ಚೀರಲಿ ಬಿಡು ಎಂದಳು. ಅತ್ತಿಗೆಗೆ ಇವತ್ತು ಏನಾಗಿದೆಯೋ ಎಂದುಕೊಂಡು ಧನಪಾಲ ಮೊದಲ ಸಲ ಅವಳ ಮಾತು ಮೀರಿ, ನಾಳೆ ಸಮುದ್ರದ್ದೇ ಇಳಿಸೋಣ ಎಂದು ಗುಡ್ಡಪ್ಪನಿಗೆ ಹೇಳಿದ.

ಅವಳಿಗೆ ಆದದ್ದು ಇಷ್ಟು. ಮಯೂರಿಗಿಂತ ಎಷ್ಟೋ ಮೊದಲು, ಮದುವೆಯಾದ ಹೊಸದರಲ್ಲಿ, ಅವಳಿಗೊಂದು ಹೆಣ್ಣು ಕೂಸು ಇತ್ತು. ಹೆಸರು ಪದ್ಮಾ. ಅಂಬೆಗಾಲಿಡುವಾಗ ಜ್ವರ ಬಂತು. ನೇಮಣ್ಣ ಔಷಧಿಗೆಂದು ಗೋಕಾಕಕ್ಕೆ ಹೋಗಿ ಬರುವುದರೊಳಗೆ ಕೂಸು ಹೋಗಿಬಿಟ್ಟಿತು. ಅಷ್ಟು ಸಣ್ಣ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಹೂಳಿದ ಜಾಗವನ್ನು ಹೆತ್ತವಳಿಗೆ ತೋರಿಸುವುದಿಲ್ಲ. ತೋರಿಸಿದರೆ ಅವಳು ಅಲ್ಲೇ ಹೋಗಿ ಕೂಡುತ್ತಾಳೆ, ಮತ್ತೆ ಮಡಿಲು ತುಂಬುವುದಿಲ್ಲ ಎಂಬುದು ಆ ಮನೆತನದ ಹಿರಿಯರ ಮಾತು. ಮೈಮೇಲಿನ ಲೋಹವೆಲ್ಲ ತೆಗೆಯಬೇಕು. ಒಂದು ಎಳೆ ಉಳಿದರೂ ಆ ಜೀವ ಮನೆ ಬಿಟ್ಟು ಹೋಗುವುದಿಲ್ಲ, ಆಮೇಲೆ ಹುಟ್ಟಿದವರನ್ನು, ಮನೆಯವರನ್ನು ತನ್ನ ಹಿಂದೆ ಎಳೆಯುತ್ತದೆ ಎಂದೂ ಹೇಳುತ್ತಿದ್ದರು. ಅತ್ತೆ ಬಳೆ ತೆಗೆದರು, ಕಾಲ್ಗಡಗ ತೆಗೆದರು. ಬಟ್ಟೆ ಸುತ್ತುವಾಗ ಜಿನ್ನವ್ವ ಗೆಜ್ಜೆಯ ಉಡದಾರವನ್ನು ಕೂಸಿನ ನಡುವಿನಲ್ಲೇ ಮುಚ್ಚಿಟ್ಟಳು. ಬರಿ ಮೈಯಲ್ಲಿ ಹೇಗೆ ಕಳಿಸುವುದು? ತಾಯಿ ಅವಳು. ಉಡದಾರ ಬಚ್ಚಲಿನಲ್ಲಿ ಹರಿದುಹೋಯಿತೆಂದು ಅತ್ತೆ ಒಂದು ದಿನ ಗೊಣಗಿ ಬಿಟ್ಟರು.

ಕೂಸನ್ನು ಒಯ್ದವರು ಮಾವ ಆದಪ್ಪ ಮತ್ತು ಹೊಲದ ಆಳು ದುರ್ಗಪ್ಪ. ತಿರುಗಿ ಬಂದಾಗ ಇಬ್ಬರ ಕಾಲಿಗೂ ಹಸಿ ಕರಿ ಮಣ್ಣು ಮೆತ್ತಿತ್ತು. ಅಂಥ ಹಸಿ ಮಣ್ಣು ಆ ದಿನಗಳಲ್ಲಿ ಇದ್ದದ್ದು ಕೆಳಗಿನ ಹೊಲದಲ್ಲಿ ಮಾತ್ರ. ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಅಂದಿನಿಂದ ಜಿನ್ನವ್ವ ಆ ಹೊಲಕ್ಕೆ ಕಾಲಿಟ್ಟಿಲ್ಲ.

ಇನ್ನೊಂದು ಕೂಸು ಹೊಟ್ಟೆಯಲ್ಲೇ ಸತ್ತಾಗ ಅವಳು ಉಡದಾರವನ್ನು ನೆನೆದಳು. ನೇಮಣ್ಣ ಕಾಮಾಲೆಯಾಗಿ ಹೋದಾಗಲೂ ಅದನ್ನೇ ನೆನೆದಳು. ನನ್ನಿಂದಲೇ ಆಯಿತು ಎಂಬ ಮಾತನ್ನು ಯಾರೆದುರೂ ಆಡಲಿಲ್ಲ. ಈಗ ಅದನ್ನು ಆಡದೆ ಧನಪಾಲನನ್ನು ತಡೆಯುವುದು ಹೇಗೆ? ತಡೆಯದಿದ್ದರೆ ಗುದ್ದಲಿ ಬೀಳುವುದು ಎಲ್ಲಿ? ಹಂಡೆ ಹುಡುಕುವಲ್ಲಿ ಕೂಸಿನ ಎಲುಬು ಸಿಕ್ಕರೆ ಊರು ಏನೆನ್ನುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಸಾವಕಾರ ನಿಧಿಗೆ ಮೊಮ್ಮಗಳನ್ನೇ ಬಲಿ ಕೊಟ್ಟಿದ್ದ ಎನ್ನುತ್ತದೆ. ಇರುವೆ ತುಳಿಯಲು ಅಂಜುತ್ತಿದ್ದ ಮುದುಕನ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲಾಗುತ್ತದೆ. ಪೊಲೀಸರು ಬರುತ್ತಾರೆ, ಎಲುಬನ್ನು ಚೀಲಕ್ಕೆ ಹಾಕುತ್ತಾರೆ. ಆ ರಾತ್ರಿ ಣಮೋಕಾರ ಮಂತ್ರ ಹೇಳಲು ಕೂತರೆ ಎರಡನೇ ಸಾಲು ಮರೆತುಹೋಗುತ್ತಿತ್ತು.

ಬೆಳಿಗ್ಗೆ ರೊಟ್ಟಿಯ ಗಂಟು ಹಿಡಿದು ಅವಳೇ ಕೆಳಗಿನ ಹೊಲಕ್ಕೆ ನಡೆದಳು. ಮನೆಯಲ್ಲಿ ಕೂತು ಆ ಶಬ್ದಕ್ಕೆ ಕಾಯುವುದು ಅದಕ್ಕಿಂತ ಕಷ್ಟವಾಗಿತ್ತು.

ಅಗೆಯಲು ಧನಪಾಲ ಕರೆಸಿದ್ದು ಅದೇ ದುರ್ಗಪ್ಪನನ್ನು. ಈಗ ಮುದುಕ, ಆದರೂ ಸಲಿಕೆ ಹಿಡಿದರೆ ತೋಳು ಗಟ್ಟಿ. ಬದುವಿನ ಮೇಲೆ ಜಿನ್ನವ್ವನನ್ನು ಕಂಡವನು ನಿಂತಲ್ಲೇ ನಿಂತ. ಬಿಸಿಲಾಗ ಯಾಕ ಬಂದ್ರಿ ಎಂದು ತೊದಲಿದ. ಅವಳು ರೊಟ್ಟಿಯ ಗಂಟು ಹಿಡಿದು ಬದುವಿನ ಮೇಲೇ ನಿಂತಳು.

ಸಮುದ್ರದ ಮಷೀನು ಚೀರಲಿಲ್ಲ. ಬಿಳಿ ಉಪ್ಪಿನ ಮೇಲೆ ಅದು ತನ್ನ ಪಾಡಿಗೆ ಸಣ್ಣಗೆ ಗುಂಯ್‌ಗುಡುತ್ತ ಹೋಯಿತು. ನಿನ್ನೆಯ ಚೀರಾಟಕ್ಕಿಂತ ಈ ಸುಮ್ಮನಿರುವಿಕೆ ಅವಳನ್ನು ಹೆಚ್ಚು ಹೆದರಿಸಿತು. ಒಮ್ಮೆ ದನಿ ಏರಿತು. ಅಗೆದರೆ ಎತ್ತಿನ ಲಾಳ. ಮತ್ತೊಮ್ಮೆ ಏರಿತು, ನೇಗಿಲಿನ ಮುರಿದ ಕುಡ. ಪ್ರತಿ ಸಲವೂ ಕಬ್ಬಿಣ ಕಾಣುವವರೆಗೆ ಜಿನ್ನವ್ವ ಅಗೆದ ಮಣ್ಣಿನಿಂದ ಕಣ್ಣು ತೆಗೆಯಲಿಲ್ಲ. ದುರ್ಗಪ್ಪ ಮಾತ್ರ ಹುರುಪಿನಿಂದ ಅಗೆಯುತ್ತಿದ್ದ. ಅದು ಅವಳ ಗಮನಕ್ಕೆ ಬಂತು.

ಗುಡ್ಡಪ್ಪ ಮೂಡಣ ಮೂಲೆಯ ಜಾಲಿಯ ಕಡೆ ತಿರುಗಿದ. ದುರ್ಗಪ್ಪ ಹಿಂದುಳಿದ. ಸಲಿಕೆಯ ಹಿಡಿಕೆ ಸಡಲೈತಿ ಎಂದು ಕೂತುಬಿಟ್ಟ. ಆ ಮೂಲ್ಯಾಗ ಹಾವಿನ ಹುತ್ತ ಐತಿ, ಬ್ಯಾಡ್ರಿ ಎಂದ. ಹುತ್ತ ಎಲ್ಲೂ ಕಾಣುತ್ತಿರಲಿಲ್ಲ. ಜಿನ್ನವ್ವ ಮಷೀನು ನೋಡುವುದನ್ನು ಬಿಟ್ಟು ದುರ್ಗಪ್ಪನ ಮುಖ ನೋಡತೊಡಗಿದಳು. ಗುಡ್ಡಪ್ಪ ಒಂದೊಂದು ಹೆಜ್ಜೆ ಮುಂದಿಟ್ಟಂತೆ ಮುದುಕನ ಮುಖದ ರಕ್ತ ಇಳಿಯುತ್ತಿತ್ತು. ಎಷ್ಟೋ ವರ್ಷ ಯಾರೂ ಹೇಳದ ಮಾತು ಆ ಮುಖದ ಮೇಲೆ ತಾನೇ ಬರೆದುಕೊಳ್ಳುತ್ತಿತ್ತು. ಕೂಸು ಇರುವುದು ಅಲ್ಲೇ ಎಂದು ಅವಳಿಗೆ ತಿಳಿಯಿತು.

ಆಗ ಮಷೀನು ಕೂಗಿತು. ಸಣ್ಣ, ತೆಳುವಾದ ದನಿ.

ಲಾಳದಷ್ಟು ದೊಡ್ಡದಲ್ಲ, ಭಾಳ ಸಣ್ಣದು ಏನೋ, ಒಂದು ಮೊಳದೊಳಗ ಐತಿ ಎಂದ ಗುಡ್ಡಪ್ಪ. ಧನಪಾಲ ದುರ್ಗಪ್ಪನನ್ನು ಕರೆದ. ದುರ್ಗಪ್ಪ ಎದ್ದು ನಿಂತ, ಮುಂದೆ ಬರಲಿಲ್ಲ.

"ಇಲ್ಲಿ ಮಾತ್ರ ನಾ ಅಗ್ಯಾಂಗಿಲ್ರಿ, ಧಣ್ಯಾರ. ಬೇಕಾದ್ರ ನನ್ನ ಹೊಡೀರಿ."

ಧನಪಾಲನಿಗೆ ಸಿಟ್ಟು ಬಂತು. ಮೂರು ವರ್ಷದ ಸಂಕಟ ಅವನನ್ನು ಅಲ್ಲಿಗೆ ತಂದಿತ್ತು. ಗುದ್ದಲಿಯನ್ನು ತಾನೇ ಎತ್ತಿಕೊಂಡ. ಅದು ಅವನ ತಲೆಯ ಮೇಲಕ್ಕೆ ಏರುವುದಕ್ಕೂ ಜಿನ್ನವ್ವ ಓಡಿಬಂದು ಆ ನೆಲದ ಮೇಲೆ ದೊಪ್ಪನೆ ಕೂರುವುದಕ್ಕೂ ಸರಿಹೋಯಿತು. ರೊಟ್ಟಿಯ ಗಂಟು ಬದುವಿನಲ್ಲೇ ಬಿದ್ದಿತ್ತು.

"ನನ್ನ ಪದ್ಮಾ ಅದಾಳ ಇಲ್ಲಿ," ಎಂದಳು. "ಉಡದಾರ ನಾನ ಬಿಟ್ಟಿದ್ದೆ. ಎಲ್ಲಾ ನನ್ನಿಂದ ಆತು, ಧನಪಾಲ. ನಿಮ್ಮಣ್ಣ ಹೋಗಿದ್ದೂ ನನ್ನಿಂದ. ಅಗೀಬ್ಯಾಡ."

ಧನಪಾಲ ಗುದ್ದಲಿಯನ್ನು ಮೆಲ್ಲಗೆ ಕೆಳಗಿಟ್ಟ. ಕೂಸು ಸತ್ತಾಗ ಅವನು ಸಾಲಿಯ ಹುಡುಗ, ಅವನಿಗೆ ಅದರ ಮುಖವೂ ಸರಿಯಾಗಿ ನೆನಪಿರಲಿಲ್ಲ. ಅತ್ತಿಗೆಯ ಪಕ್ಕದಲ್ಲಿ ಮೊಣಕಾಲೂರಿದ.

ಮಾತಾಡಿದವನು ದುರ್ಗಪ್ಪ. ತಲೆಯ ರುಮಾಲು ತೆಗೆದು ಕೈಯಲ್ಲಿ ಮುದ್ದೆ ಮಾಡಿಕೊಂಡು, ನೆಲ ನೋಡುತ್ತ ಮಾತಾಡಿದ. ಉಡದಾರ ಸಾವಕಾರರು ಅವತ್ತೇ ನೋಡಿದ್ದರಂತೆ. ಕುಣಿಯಲ್ಲಿ ಇಳಿಸುವಾಗ ಗೆಜ್ಜೆ ಸಪ್ಪಳವಾಯಿತಂತೆ. ತೆಗೀಲೇನ್ರಿ ಎಂದು ಇವನು ಕೇಳಿದರೆ, ತಾಯಿ ಹಾಕ್ಯಾಳ, ಇರಲಿ ಎಂದರಂತೆ. ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿಕೊಂಡಿದ್ದರು. ಲಕ್ವಾ ಹೊಡೆದ ಮೇಲೆ ಇವನನ್ನು ಕಂಡಾಗಲೆಲ್ಲ ಒಮ್ಮೆ ಹೊಲದ ಕಡೆ, ಒಮ್ಮೆ ಸೊಸೆಯ ಕಡೆ ಕೈ ಮಾಡುತ್ತಿದ್ದರು.

"ಅಕ್ಕಾರಿಗೆ ಜಾಗಾ ತೋರಸು ಅಂತ ಹೇಳಾಕತ್ತಿದ್ರು," ಎಂದ ಮುದುಕ. "ನನಗ ತಿಳೀತಿತ್ರಿ. ಧೈರ್ಯಾ ಆಗ್ಲಿಲ್ಲ."

ಜಿನ್ನವ್ವ ಅಳುತ್ತಿದ್ದಳು, ಇಷ್ಟು ವರ್ಷ ನುಂಗಿದ್ದೆಲ್ಲ ಹೊರಗೆ ಬರುತ್ತಿತ್ತು. ಮಾವನ ಆ ಎಡಗೈ ಅವಳ ಕಣ್ಣೆದುರು ಇತ್ತು. ಅದು ಹಂಡೆಗೆ ಎತ್ತಿದ ಕೈಯಲ್ಲ, ಮಗನಿಗೆ ಎತ್ತಿದ್ದೂ ಅಲ್ಲ. ಗಂಜಿ ಕುಡಿಸುತ್ತಿದ್ದ ತನಗೇ ಎತ್ತಿದ್ದು.

ಮಾತಿನ ಗುಡ್ಡಪ್ಪ ತಪ್ಪು ಮಾಡಿದವನಂತೆ ಮಷೀನು ಬಂದ್ ಮಾಡಿ, ಕೋಲು ಹೆಗಲಿಗೇರಿಸಿ ಟೆಂಪೋದ ಕಡೆ ಹೊರಟ. ಜಿನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನು ಕೂಗಿ ನಿಲ್ಲಿಸಿದಳು. ತಾನು ಕೂತಿದ್ದ ಜಾಗದಿಂದ ಒಂದು ಕಡೆ ಸರಿದು, ಬಿಳಿ ಉಪ್ಪನ್ನು ಅಂಗೈಯಿಂದ ಬಳಿದು ನೆಲ ಹಸನು ಮಾಡಿದಳು.

"ಆ ದನಿ ಇನ್ನೊಮ್ಮಿ ಕೇಳಸ್ರೆಪ್ಪಾ," ಎಂದಳು.

ಗುಡ್ಡಪ್ಪ ತಿರುಗಿ ಬಂದು ಮಷೀನು ಹಚ್ಚಿದ.