ಫೋಟೊದಲ್ಲಿರುವವಳು ನಾನೇ

‘ಇದು ನಿಮ್ಮ ಫೋಟೋನ ಏನ್ರಿ?’

ಪ್ರಶ್ನೆಪತ್ರಿಕೆ ಇನ್ನೂ ಕೈಗೆ ಬಂದಿರಲಿಲ್ಲ. ಮೊದಲ ಪ್ರಶ್ನೆ ಆಗಲೇ ಬಂದುಬಿಟ್ಟಿತ್ತು!

ಹೋದ ಭಾನುವಾರದ ಮಾತು. ಧಾರವಾಡದ ಒಂದು ಕಾಲೇಜಿನಲ್ಲಿ ಉಪನ್ಯಾಸಕರ ನೇಮಕಾತಿ ಪರೀಕ್ಷೆ. ಕೊಠಡಿ ಮೇಲ್ವಿಚಾರಕಿ, ಐವತ್ತರ ಆಸುಪಾಸಿನ ಮೇಡಂ, ನನ್ನ ಹಾಲ್ ಟಿಕೆಟ್ ಹಿಡಿದುಕೊಂಡು ಡೆಸ್ಕಿನ ಪಕ್ಕ ನಿಂತಿದ್ದರು. ಟಿಕೆಟ್ ನೋಡಿದರು. ನನ್ನನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡು ಮತ್ತೆ ಟಿಕೆಟ್ ನೋಡಿದರು.

‘ಹೌದ್ರಿ ಮೇಡಂ, ನಂದ ರಿ’ ಎಂದೆ. ನನ್ನ ದನಿ ನನಗೇ ಕಳ್ಳಿಯ ದನಿಯಂತೆ ಕೇಳಿಸಿತು.

‘ಫೋಟೋದಾಗಿನ ಹುಡುಗಿಗೆ ಕೂದ್ಲ ಎಷ್ಟ ಅವ ನೋಡ್ರಿ. ಮಾರಿನೂ ಸ್ವಚ್ಛ ಅದ. ತಪ್ಪ ತಿಳ್ಕೋಬ್ಯಾಡ್ರಿ, ಒಬ್ಬರ ಹೆಸರಿನ್ಯಾಗ ಇನ್ನೊಬ್ಬರು ಬಂದು ಪರೀಕ್ಷಾ ಬರ್ಯೂದು ಭಾಳ ಆಗ್ಯದ.’

ಅಂದರೆ, ನನ್ನ ಪರೀಕ್ಷೆ ಬರೆಯಲು ನಾನು ಬೇರೆ ಯಾರನ್ನೋ ಕಳಿಸಿದ್ದೇನೆ. ಆ ಬೇರೆ ಯಾರೋ ನಾನೇ!

ನಾನು ಅತಿಥಿ ಉಪನ್ಯಾಸಕಿ ಎಂಬುದು ಈ ಅಂಕಣದ ಓದುಗರಿಗೆ ಗೊತ್ತಿರುವ ವಿಷಯ. ವರ್ಷ ವರ್ಷವೂ ಜೂನ್ ಬಂದರೆ ‘ಈ ಸಲ ಕರೀತಾರೋ ಇಲ್ಲೋ’ ಎಂದು ಕಾಯುವ ಜಾತಿ ನಮ್ಮದು. ಕಾಯಂ ನೌಕರಿಗೆ ಅರ್ಜಿ ಕರೆಯುವುದು ಎಷ್ಟೋ ವರ್ಷಕ್ಕೊಮ್ಮೆ. ಈ ಕೊಠಡಿಯಿಂದ ಎಬ್ಬಿಸಿ ಕಳಿಸಿದರೆ ಇನ್ನೊಂದು ಅವಕಾಶ ಬರುವಷ್ಟರಲ್ಲಿ ನನ್ನ ಅರ್ಜಿ ಹಾಕುವ ವಯಸ್ಸು ಮುಗಿದಿರುತ್ತದೆ.

ಮೇಡಂ ಕೇಳಿದ್ದು ತಪ್ಪೇ? ಖಂಡಿತ ಅಲ್ಲ. ಆ ಫೋಟೊದಲ್ಲಿರುವವಳು ನನಗೂ ಅಷ್ಟಾಗಿ ಪರಿಚಯವಿಲ್ಲ.

ಎರಡು ವರ್ಷದ ಹಿಂದೆ ನನ್ನ ತಲೆಯಲ್ಲಿ ಕೂದಲಿತ್ತು. ಎಣ್ಣೆ ಹಚ್ಚುವಾಗ ಅವ್ವ ‘ಇದನ್ನ ಹೆಣಿಯೂದ್ರಾಗ ನನ್ನ ಕೈ ಸೋಲ್ತಾವ’ ಎಂದು ಗೊಣಗುತ್ತಿದ್ದಳು. ಮುಷ್ಟಿಗೆ ಸಿಗದ ಹೆರಳು ಅದು. ಆಮೇಲೆ ತಿಂಗಳ ಲೆಕ್ಕ ತಪ್ಪಿತು. ಗದ್ದದ ಅಂಚಿಗೆ, ಕೆನ್ನೆಗೆ ಮೊಡವೆ ಎದ್ದವು. (ಹರೆಯದಲ್ಲಿ ಏಳದಿದ್ದವು ಇಪ್ಪತ್ತೇಳಕ್ಕೆ ಎದ್ದವು, ತಡವಾದರೂ ದಂಡಿಯಾಗಿಯೇ ಬಂದವು.) ಬೈತಲೆ ಅಗಲವಾಗುತ್ತಾ ಹೋಯಿತು. ಸ್ಕ್ಯಾನ್ ಮಾಡಿದ ಡಾಕ್ಟರು ‘ಪಿಸಿಓಡಿ, ಹಾರ್ಮೋನಿಂದು. ಹೆದರೂದೇನಿಲ್ಲ. ಆದ್ರ ಟೈಮ್ ಹಿಡೀತೈತಿ, ತಾಳ್ಮಿ ಇರಬೇಕು’ ಎಂದರು. ನನಗೆ ತಾಳ್ಮೆ ಇದೆ. ಕೂದಲಿಗೆ ಇಲ್ಲ.

ಈಗ ಎಣ್ಣೆ ಹಚ್ಚುವಾಗ ಅವ್ವ ಗೊಣಗುವುದಿಲ್ಲ. ತಲೆ ಬಾಚಿದ ಹಣಗಿಯಲ್ಲಿ ಬಂದ ಕೂದಲನ್ನು ಬೆರಳಿಗೆ ಸುತ್ತಿ, ನನಗೆ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಹೋಗುತ್ತಾಳೆ. ಆ ಮೌನ ಇದೆಯಲ್ಲ, ಅದಕ್ಕಿಂತ ಗೊಣಗಾಟವೇ ಎಷ್ಟೋ ಛಲೋ ಇತ್ತು.

ನಮ್ಮ ಓಣಿಯಲ್ಲಿ ಎಲ್ಲರೂ ಡಾಕ್ಟರೇ. ಒಬ್ಬರು ಕರಿಬೇವು ಕುದಿಸಿದ ಎಣ್ಣೆ ಎನ್ನುತ್ತಾರೆ. ಇನ್ನೊಬ್ಬರು ಉಳ್ಳಾಗಡ್ಡಿ ರಸ ಎನ್ನುತ್ತಾರೆ. (ಹಚ್ಚಿದೆ. ಕ್ಲಾಸಿನಲ್ಲಿ ಮೊದಲ ಬೆಂಚಿನವರು ಎರಡನೇ ಬೆಂಚಿಗೆ ಹೋದರು.) ಮೂರನೆಯವರು ‘ಭಾಳ ಓದಬ್ಯಾಡವಾ, ಬುದ್ಧಿ ಕಾದ್ರ ಕೂದ್ಲ ಉದರ್ತಾವ’ ಎನ್ನುತ್ತಾರೆ. ಕಾಲು ಮುರಿದುಕೊಂಡವಳ ಹತ್ತಿರ ಬಂದು ‘ಅಯ್ಯ, ನಿನ್ನ ಕಾಲು ಮುರದೈತಲ್ಲ!’ ಎಂದು ಯಾರಾದರೂ ಸುದ್ದಿ ಹೇಳುತ್ತಾರೆಯೇ? ನನ್ನ ಮುಖದ ಸುದ್ದಿಯನ್ನು ನನಗೇ ಹೇಳುವವರು ದಿನಕ್ಕೊಬ್ಬರಾದರೂ ಸಿಗುತ್ತಾರೆ.

ರಜೆ ಕೇಳುವಷ್ಟು ದೊಡ್ಡ ಕಾಯಿಲೆಯಲ್ಲ ಇದು. ಮರೆತು ಕೂರುವಷ್ಟು ಸಣ್ಣದೂ ಅಲ್ಲ. ನಾನು ಬೋರ್ಡಿನ ಮೇಲೆ ಬರೆಯುವುದನ್ನು ಬಿಟ್ಟಿದ್ದೇನೆ, ವಿದ್ಯಾರ್ಥಿಗಳಿಗೆ ಬೆನ್ನು ತಿರುಗಿಸಿದರೆ ನೆತ್ತಿ ಕಾಣುತ್ತದೆಂದು. ಟ್ಯೂಬ್‌ಲೈಟಿನ ನೇರ ಕೆಳಗೆ ಕೂರುವುದಿಲ್ಲ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಕೊನೆಯ ಸೀಟೇ ಬೇಕು, ನನ್ನ ಹಿಂದೆ ಯಾರೂ ಇರಬಾರದು. ಮನೆಯಿಂದ ಹೊರಬೀಳುವ ಮೊದಲು ಬೈತಲೆಯನ್ನು ಪಕ್ಕಕ್ಕೆ ಸರಿಸಿ, ಇದ್ದಬದ್ದ ಕೂದಲನ್ನು ಮುಂದೆ ಎತ್ತಿ ಕ್ಲಿಪ್ಪು ಸಿಕ್ಕಿಸಿ, ಎರಡೂ ಕಡೆ ಒಂದಿಷ್ಟು ಇಳಿಬಿಟ್ಟು ಗದ್ದದ ಮೊಡವೆ ಮುಚ್ಚುತ್ತೇನೆ. ಗಾಳಿ ಬಿಟ್ಟರೆ ಎರಡೂ ಕೈ ತಲೆಗೆ ಹೋಗುತ್ತವೆ.

ಆವತ್ತು ಬೆಳಿಗ್ಗೆಯೂ ಹಾಗೆಯೇ ಕಟ್ಟಿಕೊಂಡು ಬಂದಿದ್ದೆ. ಗೇಟಿನಲ್ಲಿ ತಪಾಸಣೆ. ಕಿವಿಯಲ್ಲಿ ಬ್ಲೂಟೂತ್ ಇಟ್ಟು ಕಾಪಿ ಹೊಡೆಯುವವರು ಹೆಚ್ಚಾದ ಮೇಲೆ ನಮ್ಮಲ್ಲಿ ಪರೀಕ್ಷೆಗೆ ಬರುವವರ ಕಿವಿ ನೋಡದೆ ಒಳಗೆ ಬಿಡುವುದಿಲ್ಲ.

‘ಅಕ್ಕಾರ, ಕ್ಲಿಪ್ಪೆಲ್ಲಾ ತಗೀರಿ’ ಎಂದಳು ಮಹಿಳಾ ಪೊಲೀಸ್. ‘ಕಿವಿ ಪೂರಾ ಕಾಣ್ಬೇಕ್ರಿ. ಕೂದ್ಲ ಹಿಂದಕ್ಕ ಬಿಗದ ಕಟ್ರಿ.’

‘ಒಂದ ಕ್ಲಿಪ್ ಇರ್ಲಿ ಬಿಡ್ರಿ.’

‘ನಿಮಗ ಬಿಟ್ರ ಎಲ್ಲಾರಿಗೂ ಬಿಡಬೇಕಾಗ್ತೈತ್ರಿ.’

ಕಟ್ಟಿದ್ದೆಲ್ಲ ಗೇಟಿನ ಹೊರಗೆ ಬಿಚ್ಚಿಹೋಯಿತು. ಕ್ಲಿಪ್ಪುಗಳು ಅಲ್ಲಿಟ್ಟಿದ್ದ ಬುಟ್ಟಿ ಸೇರಿದವು. ಯಾವ ಮುಖವನ್ನು ಎರಡು ವರ್ಷ ಯಾರಿಗೂ ಪೂರಾ ತೋರಿಸಿರಲಿಲ್ಲವೋ ಅದನ್ನು ಹೊತ್ತು ತುಂಬಿದ ಕೊಠಡಿಯೊಳಗೆ ಹೋಗಿ ಕೂತಿದ್ದೆ.

ಮತ್ತೆ ಹಾಲ್ ಟಿಕೆಟಿನಲ್ಲಿದ್ದವಳು ಯಾರು? ಅವಳು ರಫೀಕ್ ಕಾಕಾನ ಕೈಕೆಲಸ.

ರಫೀಕ್ ಕಾಕಾನದು ಹಳೇ ಹುಬ್ಬಳ್ಳಿಯಲ್ಲಿ ಸಣ್ಣ ಸ್ಟುಡಿಯೊ. ನನ್ನನ್ನು ಶಾಲೆಗೆ ಸೇರಿಸುವಾಗಿನ ಫೋಟೊದಿಂದ ಹಿಡಿದು ಎಲ್ಲ ತೆಗೆದದ್ದು ಅವನೇ. ಅರ್ಜಿ ಹಾಕುವಾಗ ಅವ್ವನೊಂದಿಗೆ ಹೋಗಿದ್ದೆ. ಫೋಟೊ ತೆಗೆಸಿಕೊಂಡು ನಾನು ಕ್ಲಾಸಿಗೆ ಓಡಿದೆ, ಅವ್ವ ಪ್ರಿಂಟಿಗೆ ಕೂತಳು. ಕಂಪ್ಯೂಟರಿನ ಮುಂದೆ ಇಬ್ಬರೂ ಸೇರಿ ಏನು ಮಾತಾಡಿಕೊಂಡರೋ! ಸಂಜೆ ಫೋಟೊ ಕೈಗೆ ಬಂದಾಗ ಹಣೆಯ ಮೇಲೆ ಕೂದಲು ತುಂಬಿತ್ತು, ಕೆನ್ನೆ ಗೋಡೆಗೆ ಸುಣ್ಣ ಹೊಡೆದಂತಿತ್ತು.

‘ಏನವಾ ಇದು?’ ಎಂದರೆ, ‘ನಮ್ಮ ಹುಡುಗಿ ಫೋಟೋ ಹಂಗ ಹೆಂಗ ಕೊಡ್ಲಿ ಅಕ್ಕಾರ ಅಂದ ರಫೀಕಣ್ಣ. ಪಾಪ, ಒಂದ ತಾಸು ಕುಂತು ಮಾಡ್ಯಾನ’ ಎಂದಳು ಅವ್ವ. ಆಮೇಲೆ ಮೆಲ್ಲಗೆ, ‘ಹುಡುಗನ ಮನ್ಯಾವರಿಗೂ ಇದನ್ನ ಕೊಟ್ರಾತು.’

ನಾನು ಬೈಯಬೇಕಿತ್ತು. ಬೈಯಲಿಲ್ಲ. ಆ ಫೋಟೊವನ್ನು ಕದ್ದು ಕದ್ದು ನೋಡುತ್ತಿದ್ದೆ. ಚೆನ್ನಾಗಿದ್ದಳು ಅವಳು. ಅರ್ಜಿಗೂ ಅದೇ ಹೋಯಿತು. ಅವ್ವನ ಮೊಬೈಲಿನಿಂದ ನನಗೆ ಗಂಡು ನೋಡಿದ್ದ ನವಲಗುಂದದ ಒಂದು ಮನೆಗೂ ಹೋಯಿತು.

ಕೊಠಡಿಗೆ ಬರೋಣ. ಮೇಡಂ ಆಧಾರ್ ಕೇಳಿದರು. ಕೊಟ್ಟೆ. ಅದು ಕಾಲೇಜು ದಿನಗಳ ಫೋಟೊ, ಹೆರಳು ಹೆಗಲ ಮೇಲೆ ಇಳಿದಿದೆ. ಹಾಲ್ ಟಿಕೆಟನ್ನೂ ಆಧಾರನ್ನೂ ಪಕ್ಕಪಕ್ಕ ಹಿಡಿದರೆ ಇಬ್ಬರೂ ಒಬ್ಬಳೇ, ಸಂಶಯವೇ ಇಲ್ಲ. ಹೊರಗಿನವಳು ನಾನೊಬ್ಬಳೇ.

ಪರೀಕ್ಷಾ ಕೇಂದ್ರದ ಮುಖ್ಯಸ್ಥರನ್ನು ಕರೆಸಿದರು. ಬಂದವರು, ‘ಗುರುತಿನ ಚಿಹ್ನೆ ಏನಂತ ಬರದೀರಿ?’ ಎಂದರು.

‘ಎಡಗಲ್ಲದ ಮ್ಯಾಲೆ ಕಪ್ಪ ಮಚ್ಚಿ ರಿ ಸರ್.’

ಆಧಾರಿನ ಮಸುಕು ಫೋಟೊದಲ್ಲಿ ಅದು ಕಾಣುವುದಿಲ್ಲ, ಹಾಲ್ ಟಿಕೆಟಿನ ಫೋಟೊದಲ್ಲಿ ಇರಲೇ ಇಲ್ಲ. ರಫೀಕ್ ಕಾಕಾ ಮೊಡವೆಯ ಜೊತೆ ಅದನ್ನೂ ಒರೆಸಿ ಹಾಕಿದ್ದ! ಮುಖ್ಯಸ್ಥರು ಬಗ್ಗಿ ನನ್ನ ಕೆನ್ನೆ ನೋಡಿದರು. ಕಪ್ಪು ಕಲೆ, ಕೆಂಪು ಗುಳ್ಳೆ, ಒಣಗಿದ್ದು, ಒಣಗುತ್ತಿರುವುದು.

‘ಇದರಾಗ ಮಚ್ಚಿ ಯಾವುದವಾ?’

ಅವರು ವ್ಯಂಗ್ಯ ಮಾಡಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದರು. ಅದಕ್ಕೇ ಕಣ್ಣಲ್ಲಿ ನೀರು ಬಂತು. ಕೊಠಡಿಯ ತುಂಬ ಜನ ಪೆನ್ನು ಹಿಡಿದುಕೊಂಡು ನನ್ನ ಗಲ್ಲ ನೋಡುತ್ತಿದ್ದರು. ಬೆರಳಿಟ್ಟು ತೋರಿಸಿದೆ. ‘ಹ್ಞಾಂ’ ಎಂದರು, ಪೂರಾ ನಂಬಿದಂತೆ ಕಾಣಲಿಲ್ಲ.

ಆಗ ಮೇಡಂ ಟಿಕೆಟಿನ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದರು. ‘ಪೇಪರಿನ್ಯಾಗ ವಾರಾ ವಾರಾ ಒಬ್ಬಾಕಿ ಬರೀತಾಳ. ಆಕಿಗೂ ಇದ ಹೆಸರು.’

‘ಅದು ನಾನ ರಿ!’

‘ಆ ಫೋಟೋನೂ ನಿಮ್ಮಂಗಿಲ್ಲಲ್ರಿ!’

ಮೂರನೇ ಫೋಟೊ ಕೂಡ ನನ್ನ ವಿರುದ್ಧ ಸಾಕ್ಷಿ ಹೇಳಿತು. ಇಷ್ಟು ದಿನ ಈ ಅಂಕಣದ ನೆತ್ತಿಯ ಮೇಲಿದ್ದದ್ದು ಕೂದಲಿದ್ದ ಕಾಲದ ಫೋಟೊ.

‘ಹಂಗಾರ ಹೋದ ವಾರ ಏನ ಬರದಿದ್ರಿ, ಹೇಳ್ರಿ ನೋಡೂಣು’ ಎಂದರು ಮೇಡಂ.

ತಲೆ ಖಾಲಿ. ನಾನೇ ಬರೆದದ್ದು ನನಗೇ ನೆನಪಾಗವಲ್ಲದು! ಹೊರಗೆ ಗಂಟೆ ಹೊಡೆಯಿತು. ಬೇರೆಯವರಿಗೆ ಪ್ರಶ್ನೆಪತ್ರಿಕೆ ಹಂಚತೊಡಗಿದರು. ಪಕ್ಕದ ಡೆಸ್ಕಿನವಳು ಮುಖದ ಬೆವರು ಒರೆಸಿಕೊಳ್ಳಲು ಕರ್ಚೀಫ್ ತೆಗೆದಳು ನೋಡಿ, ಆಗ ನೆನಪಾಯಿತು.

‘ಕರ್ಚೀಫ್ ರಿ! ಬಸ್ಸಿನ ಕಿಡಕ್ಯಾಗ ಕರ್ಚೀಫ್ ಒಗದು ಸೀಟ್ ಹಿಡ್ಯಾವರ ಬಗ್ಗೆ!’

ಮೇಡಂ ಮುಖ್ಯಸ್ಥರ ಕಡೆ ತಿರುಗಿದರು. ‘ಆಕೀನ ಅದಾಳ್ರಿ ಸರ್. ನಾನೂ ದಿನಾ ಕರ್ಚೀಫ್ ಒಗ್ಯಾಕಿನ. ಅದನ್ನ ಓದಿ ಭಾಳ ಸಿಟ್ಟ ಬಂದಿತ್ತ ನನಗ.’

(ಮೇಡಂ, ಇದನ್ನೂ ಓದುತ್ತಿದ್ದರೆ ಕೇಳಿ. ಆ ಬರಹದಲ್ಲಿ ನಾಗರಿಕ ಪ್ರಜ್ಞೆ ಅದೂ ಇದೂ ಎಂದಿದ್ದೆಲ್ಲ ಹೊರಗಿನ ಮಾತು. ಕೊನೆಯ ಸೀಟಿನ ಮೇಲೆ ಯಾರದೋ ಕರ್ಚೀಫ್ ಇತ್ತು, ನಾನು ಮುಂದೆ ಕೂರಬೇಕಾಯಿತು, ಹಿಂದಿನವರ ಕಣ್ಣು ಧಾರವಾಡದವರೆಗೂ ನನ್ನ ನೆತ್ತಿಯ ಮೇಲಿತ್ತು ಎಂಬುದಷ್ಟೇ ನನ್ನ ಸಿಟ್ಟು.)

‘ಅಂಕಣಾ ಗಿಂಕಣಾ ರೂಲ್ಸಿನ್ಯಾಗ ಇಲ್ಲ’ ಎಂದರು ಮುಖ್ಯಸ್ಥರು. ಆದರೂ ದನಿ ಇಳಿದಿತ್ತು. ಸಹಿ ಹಾಕಿಸಿ, ಅರ್ಜಿಯ ಸಹಿಗೆ ಹೊಂದಿಸಿ ನೋಡಿದರು. ‘ಒಂದು ಮುಚ್ಚಳಿಕೆ ಬರದ ಕೊಡ್ರಿ’ ಎಂದು ಬಿಳಿ ಹಾಳೆ ಕೊಟ್ಟರು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ: ‘ಪ್ರವೇಶ ಪತ್ರದ ಫೋಟೊದಲ್ಲಿರುವವಳು ನಾನೇ ಎಂದು ಈ ಮೂಲಕ ದೃಢಪಡಿಸುತ್ತೇನೆ. ತಪ್ಪಾದಲ್ಲಿ ಮುಂದಿನ ಕ್ರಮಕ್ಕೆ ನಾನೇ ಹೊಣೆ.’

ಅಂದು ನಾನು ಬರೆದದ್ದರಲ್ಲಿ ನನಗೆ ಖಾತ್ರಿಯಿಲ್ಲದ ಉತ್ತರ ಅದೊಂದೇ. ಕೆಳಗೆ ಹೆಬ್ಬೆಟ್ಟು ಒತ್ತಿದೆ. ಆಮೇಲೆ ಪರೀಕ್ಷೆಯ ವಿಡಿಯೊ ಮಾಡುವವನನ್ನು ಕರೆದು, ನನ್ನನ್ನು ಗೋಡೆಗೆ ನಿಲ್ಲಿಸಿ ಒಂದು ಫೋಟೊ ತೆಗೆಸಿದರು. ಕ್ಲಿಪ್ಪಿಲ್ಲ, ಇಳಿಬಿಟ್ಟ ಕೂದಲಿಲ್ಲ, ತಲೆಯ ಮೇಲೆಯೇ ಟ್ಯೂಬ್‌ಲೈಟು. ಸದ್ಯಕ್ಕೆ ನನ್ನ ಖರೇ ಫೋಟೊ ಇರುವುದು ಸರ್ಕಾರದ ಹತ್ತಿರ ಮಾತ್ರ!

ಪರೀಕ್ಷೆ ಬರೆದೆ. ತಡವಾಗಿ ಶುರು ಮಾಡಿದರೂ ಮುಗಿಸಿದೆ. ಉತ್ತರಪತ್ರಿಕೆ ಕೊಡುವಾಗ ಮೇಡಂ ನನ್ನ ಬೈತಲೆಯತ್ತ ನೋಡಿ ಮೆಲ್ಲಗೆ ‘ಔಷಧ ತಗೊಳ್ಳಾಕತ್ತೀರಿಲ್ಲೋ?’ ಎಂದರು. ‘ಹ್ಞೂಂ ರಿ’ ಎಂದೆ. ಯಾವ ಎಣ್ಣೆಯ ಹೆಸರನ್ನೂ ಅವರು ಹೇಳಲಿಲ್ಲ. ಅವರ ಕರ್ಚೀಫಿಗೆ ಇನ್ನು ನನ್ನ ಪೂರ್ತಿ ಬೆಂಬಲವಿದೆ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ರಫೀಕ್ ಕಾಕಾನಿಗೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ‘ಹಂಗಾರ ಬರೂ ರವಿವಾರ?’ ಎಂದಳು.

ನವಲಗುಂದದವರು ನೋಡಲು ಬರುವುದು ಬರುವ ಭಾನುವಾರ. ಅವರು ಒಪ್ಪಿರುವುದು ಫೋಟೊದವಳನ್ನು.

‘ಖರೇ ಫೋಟೋ ಕಳಸೂಣು ಅವ್ವಾ.’

‘ಈಗ ಕಳಿಸಿದ್ರ ಬರೂದ ಇಲ್ಲ ಅವರು. ಬರ್ಲಿ, ಸಂಜಿಮುಂದ ಕರಸೂಣು. ಪಡಸಾಲ್ಯಾಗ ಟ್ಯೂಬ್‌ಲೈಟ್ ಹಚ್ಚೂದ ಬ್ಯಾಡ. ಸಣ್ಣ ಬಲ್ಬ್ ಸಾಕು.’

ಅವ್ವ ತಮಾಷೆ ಮಾಡುತ್ತಿರಲಿಲ್ಲ. ಬಲ್ಬಿನ ಬಗ್ಗೆ ಆಗಲೇ ಯೋಚನೆ ಮಾಡಿಟ್ಟಿದ್ದಳು. ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ಎಷ್ಟು ದಿನ ಆ ಸಣ್ಣ ಬಲ್ಬಿನಲ್ಲಿ ಬದುಕುವುದು? ಮದುವೆಯ ಮಾರನೇ ದಿನ ಬೆಳಗಾಗುವುದಿಲ್ಲವೇ? ಹಾಗಂತ ಧೈರ್ಯವಾಗಿ ಎಲ್ಲವನ್ನೂ ತೋರಿಸಿಬಿಡುತ್ತೇನೆ ಎನ್ನುವಷ್ಟು ಗಟ್ಟಿಗಿತ್ತಿಯೂ ನಾನಲ್ಲ. ‘ಬ್ಯಾಡ’ ಎಂದು ಅವರು ಫೋನಿನಲ್ಲಿ ಹೇಳಿದರೆ ನಾನು ರಾತ್ರಿಯಿಡೀ ಅಳುತ್ತೇನೆ. ಅದನ್ನೂ ಬಲ್ಲೆ.

ಆದರೂ ಸೋಮವಾರ ಒಬ್ಬಳೇ ಸ್ಟುಡಿಯೊಗೆ ಹೋದೆ. ಕೂದಲು ಹಿಂದಕ್ಕೆ ಬಿಗಿದು ಕಟ್ಟಿ ಸ್ಟೂಲಿನ ಮೇಲೆ ಕೂತೆ.

‘ಏನೂ ಮುಟ್ಟಬ್ಯಾಡ್ರಿ ಕಾಕಾ.’

ರಫೀಕ್ ಕಾಕಾ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತ. ಅವನಿಗೆ ಸಂಕಟ. ‘ಇಷ್ಟ ಒಂದ ಗುಳ್ಳಿ ತಗೀಲೇನವಾ? ಇದು ಹೆಂಗೂ ನಾಳೆ ಹೋಗ್ತೈತಿ’ ಎಂದ.

‘ಬ್ಯಾಡ್ರಿ. ಮಚ್ಚಿನೂ ಇರ್ಲಿ.’

ಆ ಫೋಟೊವನ್ನು ನವಲಗುಂದಕ್ಕೆ ಕಳಿಸಲು ಅವ್ವ ಕೊನೆಗೂ ಬಿಡಲಿಲ್ಲ. ನಾನು ಹಟ ಮಾಡಲಿಲ್ಲ. ಪತ್ರಿಕೆಯ ಕಚೇರಿಗೆ ಕಳಿಸಿದೆ. ಈ ಬರಹದ ಮೇಲೆ ಇವತ್ತು ಇರುವುದು ಅದೇ ಫೋಟೊ.

ನವಲಗುಂದದ ಆ ಮನೆಗೂ ಇದೇ ಪೇಪರ್ ಬರುತ್ತದಂತೆ. ಹುಡುಗನ ತಾಯಿ ನನ್ನ ಅಂಕಣ ತಪ್ಪದೆ ಓದುತ್ತಾರಂತೆ. ಇದು ನಿಮ್ಮೆಲ್ಲರ ಕೈ ಸೇರುವುದು ಶುಕ್ರವಾರ. ಅಡುಗೆಮನೆಯಲ್ಲಿ ಅವ್ವ ರವೆ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದಾಳೆ.

ನೀವೇ ಹೇಳಿ, ಭಾನುವಾರಕ್ಕೆ ಎಷ್ಟು ಜನರ ಶಿರಾ ಮಾಡಲಿ ಅವಳು?