ಬಾಡಿಗೆ ಕಾರು, ಭೋಗ್ಯದ ತೋಟ

ನಮ್ಮನೆಯವರಿಗೆ ಕಾರಿನ ಹುಚ್ಚು ಯಾವಾಗ ಹಿಡೀತೋ ಆ ದೇವರಿಗೇ ಗೊತ್ತು. ಅರವತ್ತರ ದಶಕದ ಮಾತು. ಹೆಬ್ಬಾಳದಲ್ಲಿ ನಮಗಿದ್ದದ್ದು ಸ್ವಲ್ಪ ರಾಗಿ ಹೊಲ, ಬಾವಿ ಪಕ್ಕ ಒಂದು ತುಂಡು ಹೂವಿನ ತೋಟ. ತೋಟ ನನ್ನದು ಅಂತಲೇ ಮನೆಯಲ್ಲಿ ಲೆಕ್ಕ. ಕನಕಾಂಬರದ ಸಸಿ ನೆಟ್ಟವಳು ನಾನು, ನೀರು ಕಟ್ಟಿದವಳು ನಾನು. ಹೂ ಮಾರಿ ಬಂದ ಕಾಸಲ್ಲಿ ಸೀಗೆಕಾಯಿಯಿಂದ ಹಿಡಿದು ಮಕ್ಕಳ ಸ್ಲೇಟಿನ ತನಕ ನಾನೇ ತರ್ತಿದ್ದೆ. ಯಾರ ಮುಂದೆಯೂ ಕೈ ಚಾಚಿದವಳಲ್ಲ.

ಇವರು ಒಂದೆರಡು ವರ್ಷ ಯಾರದೋ ಲಾರಿ ಓಡಿಸಿದ್ದರು. ಯಶವಂತಪುರ ಸ್ಟೇಷನ್ ಮುಂದೆ ತಾನೂ ಒಂದು ಟ್ಯಾಕ್ಸಿ ನಿಲ್ಲಿಸಬೇಕು ಅಂತ ಆಸೆ. ಅಲ್ಲೇ ಹತ್ತಿರ ಒಬ್ಬ ಸಾಹುಕಾರನ ಕಾರಿನ ಅಂಗಡಿ ಇತ್ತು. ಕೊಂಡುಕೊಳ್ಳೋಕೆ ಆಗದವರಿಗೆ ಅವನು ಕಾರನ್ನ ವರ್ಷಗಟ್ಟಲೆ ಬಾಡಿಗೆಗೆ ಕೊಡ್ತಿದ್ದ. ಮೊದಲು ದೊಡ್ಡದೊಂದು ಗಂಟು ಅವನ ಹತ್ತಿರ ಇಡಬೇಕು, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು, ಕಾರನ್ನ ಕೊಟ್ಟ ಹಾಗೇ ವಾಪಸ್ ತಂದರೆ ಆ ಗಂಟು ವಾಪಸ್. ಇದನ್ನ ಕೇಳಿದ್ದೇ ತಡ, ಇವರ ಮುಖ ಅರಳಿತು. ನಮ್ಮ ಕಡೆ ಹೊಲ ಮನೆ ಭೋಗ್ಯಕ್ಕೆ ಹಾಕೋದೂ ಹೀಗೇ ತಾನೆ? ದುಡ್ಡು ಕೊಟ್ಟವನು ಅನುಭವಿಸ್ತಾನೆ, ಬಿಟ್ಟುಕೊಟ್ಟ ದಿನ ಅವನ ದುಡ್ಡು ಅವನಿಗೆ. ತಲೆತಲಾಂತರದಿಂದ ನೋಡಿದ ವ್ಯವಹಾರ, ಇದರಲ್ಲಿ ಮೋಸ ಎಲ್ಲಿಂದ ಬರುತ್ತೆ ಅಂದರು.

ಗಂಟಿಗೆ ದುಡ್ಡು ಬೇಕಲ್ಲ, ನನ್ನ ತೋಟವನ್ನ ಪಕ್ಕದ ಹೊಲದ ಗೌಡರಿಗೆ ಭೋಗ್ಯಕ್ಕೆ ಹಾಕೋಣ ಅಂದರು. ನಾನು ಜಗಳ ಆಡಿದೆ, ಮಾತು ಬಿಟ್ಟೆ, ಅನ್ನ ಬಿಟ್ಟೆ. "ತೋಟ ಎಲ್ಲೋಯ್ತದೆ? ಕಾರು ವಾಪಸ್ ಕೊಟ್ಟ ದಿನ ಆ ದುಡ್ಡು ಗೌಡ್ರ ಕೈಗಿಟ್ಟು ಬಿಡಿಸ್ಕೊಂಡ್ರಾಯ್ತು," ಅಂದರು. ಹಠದಲ್ಲಿ ಗೆದ್ದವರು ಅವರೇ.

ಕಾರು ಬಂತು. ಕಪ್ಪು ಕಾರು. ಅದನ್ನ ಇವರು ನೋಡಿಕೊಂಡ ಹಾಗೆ ನನ್ನನ್ನ ಒಂದು ದಿನವೂ ನೋಡಿಕೊಳ್ಳಲಿಲ್ಲ. ಹರಿದ ಸೀಟಿಗೆ ಹೊಸ ರೆಕ್ಸಿನ್ ಹೊಲಿಸಿದರು. ಸಾಮಾನು ಹಾಕೋಕೆ ಮೇಲ್ಗಡೆ ಕಬ್ಬಿಣದ ಕ್ಯಾರಿಯರ್ ಕೂರಿಸಿದರು. ಭೋಗ್ಯಕ್ಕೆ ಬಂದ ಹೊಲದ ಬದು ಕಟ್ಟಿಸಿದವನನ್ನ, ಬಾವಿ ಹೂಳು ತೆಗೆಸಿದವನನ್ನ ಯಜಮಾನ ಮೆಚ್ಚೋದು ನಮ್ಮ ಕಡೆ ವಾಡಿಕೆ. ಸಾಹುಕಾರನೂ ಮೆಚ್ಚುತ್ತಾನೆ ಅಂದುಕೊಂಡಿದ್ದರು ಪಾಪ.

ಆದರೆ ಟ್ಯಾಕ್ಸಿ ಹತ್ತೋರು ಯಾರು? ರೈಲಿಳಿದ ಯಲಹಂಕದವರು, ಮಾಕಳಿಯವರು ಜಟಕಾ ಹತ್ತೋರು, ಬಸ್ಸು ಕಾಯೋರು, ಇಲ್ಲ ನಡೆಯೋರು. ಹೆರಿಗೆ ನೋವು ಬಂದರೆ, ಮದುವೆ ಬಂದರೆ ಕಾರು. ದುಡಿದದ್ದೆಲ್ಲ ಬಾಡಿಗೆಗೆ, ಪೆಟ್ರೋಲಿಗೆ ಸರಿಹೋಯಿತು. ಕೊನೆಗೆ ಸಾಕಪ್ಪ ಸಾಕು, ಕಾರು ವಾಪಸ್ ಕೊಟ್ಟು ತೋಟ ಬಿಡಿಸ್ಕೊಳ್ಳೋಣ ಅಂತ ಅವರೇ ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ದುಡ್ಡು ತರೋಕೆ ಬಟ್ಟೆ ಚೀಲ ಹಿಡಿದು ನಾನೂ ಕಾರಲ್ಲಿ ಹೊರಟೆ.

ಸಾಹುಕಾರ ಸೀಮೆಸುಣ್ಣ ಹಿಡಿದು ಕಾರಿನ ಸುತ್ತ ಬಂದ. ಗೀರು ಕಂಡಲ್ಲಿ ಒಂದು ಸುತ್ತು, ತಗ್ಗು ಕಂಡಲ್ಲಿ ಒಂದು ಸುತ್ತು. ಟಯರು ಸವೆದಿದೆ ಅಂದ. ಸ್ಟೂಲ್ ಹತ್ತಿ ಕ್ಯಾರಿಯರ್‌ಗೆ ಕೊರೆದಿದ್ದ ತೂತುಗಳಿಗೆಲ್ಲ ಸುತ್ತು ಹಾಕಿದ. ಇವರು ಹೊಸ ಸೀಟು ತೋರಿಸಿದರು. ಹಳೇ ಸೀಟು ಎಲ್ಲಿ ಅಂತ ಕೇಳಿದ. ಕಪ್ಪು ಕಾರಿಗೆ ಸಿಡುಬು ಎದ್ದ ಹಾಗಿತ್ತು.

"ಕೊಟ್ಟ ಹಾಗೇ ತನ್ನಿ ಅಂದಿದ್ದೆನಲ್ರೀ," ಅಂದ, ಮೆತ್ತಗೆ.

ಹೇಳಿದ್ದ, ನಿಜ. ಸುಳ್ಳು ಹೇಳಿದ್ದಿದ್ದರೆ ಬಾಯಿಗೆ ಬಂದ ಹಾಗೆ ಬೈದಾದರೂ ಬರ್ತಿದ್ದೆ. ಎಲ್ಲಾ ಹಿಡಿದುಕೊಂಡು ಅವನು ಕೊಟ್ಟದ್ದು ಗೌಡರ ಅರ್ಧ ಸಾಲಕ್ಕೂ ಸಾಲುತ್ತಿರಲಿಲ್ಲ. ಉತ್ತಷ್ಟೂ ಹೊಲ ಹದವಾಗುತ್ತೆ, ಓಡಿಸಿದಷ್ಟೂ ಕಾರು ಸವೆಯುತ್ತೆ. ಇಷ್ಟು ತಿಳಿಯೋಕೆ ನಮಗೆ ಅಂಗಡಿ ಬಾಗಿಲಿಗೆ ಹೋಗಬೇಕಾಯಿತು ನೋಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಇಬ್ಬರೂ ನಡೆದುಕೊಂಡೇ ಮನೆಗೆ ಬಂದೆವು. ಇವರು ಮತ್ತೆ ಲಾರಿ ಹತ್ತಿದರು. ಸಾಹುಕಾರ ಕೊಟ್ಟ ಅಷ್ಟಿಷ್ಟು ದುಡ್ಡೂ ಮನೆ ಖರ್ಚಿಗೆ ಕರಗಿತು. ಗೌಡರು ಒಂದು ದಿನವೂ ದುಡ್ಡು ಕೇಳಲಿಲ್ಲ. ಯಾಕೆ ಕೇಳ್ತಾರೆ, ತೋಟ ಅವರ ಕೈಲೇ ಇತ್ತಲ್ಲ.

ಮಾರನೇ ವರ್ಷ ಶ್ರಾವಣಕ್ಕೆ ಮುಂಚೆ ಗೌಡರ ಹೆಂಡತಿ ಮನೆಗೆ ಬಂದು, ಹೂ ಬಿಡಿಸೋಕೆ ಆಳು ಸಿಗ್ತಿಲ್ಲ, ಕೂಲಿ ಕೊಡ್ತೀನಿ, ಬರ್ತೀರಾ ಅಂತ ಕೇಳಿದಳು. ಕೆಟ್ಟ ಮನಸ್ಸಿನವಳಲ್ಲ. ಮನೆಯಲ್ಲಿ ಸೀಗೆಕಾಯಿಗೂ ಕಾಸಿರಲಿಲ್ಲ, ಹೋದೆ. ಸೆರಗು ಸಿಕ್ಕಿಸಿಕೊಂಡು ಬಾವಿ ಕಡೆಯ ಸಾಲಿಗೆ ಕೈ ಹಾಕಿದೆ.

"ಮೆತ್ತಗೆ ಬಿಡಿಸಕ್ಕ, ಕನಕಾಂಬರ ಸೂಕ್ಷ್ಮ. ಗಿಡಕ್ಕೆ ಏಟಾಗ್ಬಾರ್ದು," ಅಂದಳು.

ಆಗಲಿ ಕಣವ್ವ ಅಂದೆ.