ಸನಾವುಲ್ಲಾ ಚಾಚಾ ತೆಗೆದಿಟ್ಟ ಸ್ಕ್ರೂಗಳು

ರಾಮಮೂರ್ತಿ ನಗರದ ಆ ಬೀದಿಯಲ್ಲಿ ಹದಿನೆಂಟು ವರ್ಷದಿಂದ ತೇಜಶ್ರೀಯ ಪಿಯಾನೋ ಕೇಳದ ಕಿವಿಯಿಲ್ಲ. ಅವಳಪ್ಪ ಚಿನ್ನಪ್ಪನದು ಮನೆಸಾಮಾನು ಸಾಗಿಸುವ ಟೆಂಪೊ. ರಿಚರ್ಡ್ಸ್ ಟೌನಿನ ಹಳೇ ಬಂಗಲೆಯೊಂದನ್ನು ಖಾಲಿ ಮಾಡಿಸುವಾಗ ಯಾರಿಗೂ ಬೇಡವಾದ ಪಿಯಾನೋ ಒಂದು ಉಳಿದಿತ್ತು. ಅದನ್ನು ಮನೆಗೆ ಹೊತ್ತು ತಂದವನು ಚಿನ್ನಪ್ಪ. ಜೀವ ತುಂಬಿದವರು ಶಿವಾಜಿನಗರದ ಸನಾವುಲ್ಲಾ. ಪಿಯಾನೋ ಶ್ರುತಿ ಮಾಡುವುದೇ ಅವರ ಕಸುಬು. ಹತ್ತು ವರ್ಷದ ಹುಡುಗಿಗೆ ಅಂದಿನಿಂದ ಅವರು ಚಾಚಾ.

ಹುಡುಗಿ ಪಿಯಾನೋ ಪರೀಕ್ಷೆಗಳನ್ನೆಲ್ಲ ಮುಗಿಸಿದಳು. ಮಾರತ್ತಹಳ್ಳಿಯಲ್ಲಿ ಮಕ್ಕಳಿಗೆ ಪಾಠ, ಹೋಟೆಲ್ ಲಾಬಿಯಲ್ಲಿ ಸಂಜೆ ನುಡಿಸುವ ಕೆಲಸ. ಇಷ್ಟಕ್ಕೇ ಸುಮ್ಮನಿದ್ದರೆ ಸುಖವಾಗಿರುತ್ತಿದ್ದಳು. ಆದರೆ ಪ್ರತಿ ಕಛೇರಿಯಲ್ಲೂ ಬದುಕಿರುವವರು ಬರೆದ ಹೊಸ ಕೃತಿಯೊಂದು ಇರಲೇಬೇಕೆಂದು ಹಟ ಹಿಡಿದಳು. "ಸತ್ತವರದನ್ನ ನುಡಿಸೋಕೆ ಬೇಕಾದಷ್ಟು ಜನ ಇದ್ದಾರೆ ಬಿಡಿ," ಅನ್ನುತ್ತಿದ್ದಳು. ಹೊಸ ಕೃತಿ ಶುರುವಾದ ಕೂಡಲೇ ಹಿಂದಿನ ಸಾಲಿನವರಿಗೆ ಏನೋ ಜರೂರು ಕೆಲಸ ನೆನಪಾಗುತ್ತಿತ್ತು.

ಈ ಸಲ ಬರೆದವನು ಹಲಸೂರಿನ ಗೆಳೆಯ ಸುಗತ. ತಂತಿಗಳ ನಡುವೆ ಸ್ಕ್ರೂ, ರಬ್ಬರ್ ತುಂಡು ಸಿಕ್ಕಿಸಿದರೆ ಪಿಯಾನೋ ತಮಟೆಯಂತೆ ಮಾತಾಡುತ್ತದೆ. ಅವನ ಕೃತಿ ನಿಂತಿದ್ದೇ ಅದರ ಮೇಲೆ. ಊರಿನ ಉಳಿದ ಸಭಾಂಗಣಗಳು ಆಗಲೇ ಕೈಮುಗಿದಿದ್ದವು. ಕಂಟೋನ್ಮೆಂಟಿನ ಒಂದು ಸಭಾಂಗಣದ ಕಾರ್ಯದರ್ಶಿ ಶ್ರೀರಾಮಪ್ಪ ಮಾತ್ರ ಒಪ್ಪಿದರು, ಅದೂ ಷರತ್ತಿನ ಮೇಲೆ.

"ಪ್ರೋಗ್ರಾಂ ಮುಗಿದ್ಮೇಲೆ ನಮ್ಮ ಪಿಯಾನೋ ನೋಡ್ಕೊಳ್ಳೋ ಸನಾವುಲ್ಲಾ ಅವರು ಚೆಕ್ ಮಾಡ್ತಾರಮ್ಮ. ಡ್ಯಾಮೇಜ್ ಅಂದ್ರೆ ಇನ್ಮೇಲೆ ಈ ತರದ್ದು ಇಲ್ಲಿ ಬೇಡ."

"ಚಾಚಾಗೆ ನಾನೇ ಹೇಳ್ತೀನಿ ಸಾರ್."

ಹೇಳಲಿಲ್ಲ. ಪಿಯಾನೋ ಮೇಲೆ ನೀರಿನ ಲೋಟ ಇಟ್ಟರೂ ಗದರುವ ಮನುಷ್ಯನಿಗೆ ಸ್ಕ್ರೂ ವಿಷಯ ಯಾವ ಬಾಯಲ್ಲಿ ಹೇಳುವುದು? ಅವರು ಯಾವತ್ತೂ ಹಿಂದಿನ ದಿನವೇ ಬಂದು ಶ್ರುತಿ ಮುಗಿಸಿ ಹೋಗುವವರು. ಕಛೇರಿಯ ದಿನ ಬೆಳಿಗ್ಗೆ ತಾನು ಸಿಕ್ಕಿಸಿದರಾಯಿತು ಎಂದುಕೊಂಡಳು. ಹಾಗೇ ಶಿವಾಜಿನಗರದ ಗುಜರಿಯಲ್ಲಿ ಆರಿಸಿ ತಂದ ಇಪ್ಪತ್ತೆರಡು ಸ್ಕ್ರೂಗಳನ್ನು, ರಬ್ಬರಿನ ಜೊತೆ, ಮೂರು ಗಂಟೆ ಬಗ್ಗಿ ಕೂರಿಸಿ ಊಟಕ್ಕೆ ಹೋದಳು.

ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಥಂಡಿಗೆ ಶ್ರುತಿ ಕದಲಿರಬಹುದೆಂದು ಚಾಚಾ ಮಧ್ಯಾಹ್ನ ಮತ್ತೆ ಬಂದರು.

ಐದು ಗಂಟೆಗೆ ತೇಜಶ್ರೀ ಬಂದು ಒಂದು ಕೀ ಒತ್ತಿದಳು. ಪಿಯಾನೋ ಪಿಯಾನೋದಂತೆಯೇ ನುಡಿಯಿತು. ಬಗ್ಗಿ ನೋಡಿದರೆ ತಂತಿಗಳ ನಡುವೆ ಒಂದು ಸ್ಕ್ರೂವೂ ಇಲ್ಲ.

"ಯಾರೋ ಬದ್ಮಾಶ್‌ಗಳು ಒಳಗೆಲ್ಲ ಕಸ ತುಂಬಿದ್ರು ಬೇಟಾ," ಎಂದರು ಚಾಚಾ ಕೈ ಒರೆಸಿಕೊಳ್ಳುತ್ತ. "ಎಲ್ಲಾ ತೆಗೆದು ಶ್ರುತಿ ಮಾಡಿದೀನಿ."

"ನಾನೇ ಚಾಚಾ. ನಾನೇ ಇಟ್ಟಿದ್ದು. ನಿಮ್ಗೆ ಹೇಳೋಕೆ ಭಯ ಆಯ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ನನ್ನ ಹತ್ರ ಹೇಳೋಕೆ ಭಯನಾ?" ಎಂದಷ್ಟೇ ಕೇಳಿ, ಗೋಡೆ ಕಡೆ ಹೋದರು. ಅಲ್ಲಿ ಹಳೇ ಪೇಪರ್ ಮೇಲೆ ಸ್ಕ್ರೂ, ರಬ್ಬರ್ ಎಲ್ಲ ಸಾಲಾಗಿ ಕೂತಿದ್ದವು, ಒಂದೊಂದರ ಪಕ್ಕದಲ್ಲೂ ತಂತಿಯ ನಂಬರು. ಪಿಯಾನೋ ಒಳಗಿಂದ ಹೇರ್‌ಪಿನ್ ಸಿಕ್ಕರೂ ಎಲ್ಲಿ ಸಿಕ್ಕಿತೆಂದು ಬರೆದಿಟ್ಟು ಮಾಲೀಕರಿಗೆ ಒಪ್ಪಿಸುವುದು ಅವರ ಪದ್ಧತಿ. ಕಸವಾದರೂ ಸರಿ, ಕದ್ದರು ಅನ್ನಿಸಿಕೊಳ್ಳಬಾರದು.

ಚಾಚಾ ನಂಬರು ನೋಡಿ ಟಾರ್ಚ್ ಹಿಡಿದು ಜಾಗ ತೋರಿಸಿದರು, ಅವಳು ಒಂದೊಂದನ್ನೂ ಮತ್ತೆ ಅಲ್ಲಲ್ಲೇ ಸಿಕ್ಕಿಸಿದಳು. ಒಂದು ಕಡೆ ಅವರೇ ಕೀ ಒತ್ತಿ ನೋಡಿ, ಸ್ಕ್ರೂವನ್ನು ಅರ್ಧ ಬೆರಳು ಹಿಂದಕ್ಕೆ ಸರಿಸಿದರು. ಮತ್ತೆ ಒತ್ತಿದಾಗ ಚೆನ್ನಾಗಿ ಕಾಯಿಸಿದ ತಮಟೆಯ ಪೆಟ್ಟು ಬಂತು. ತೇಜಶ್ರೀ ಪೆನ್ಸಿಲ್ ತೆಗೆದು ಸುಗತನ ಹಾಳೆಯಲ್ಲಿ ಆ ಸ್ಕ್ರೂವಿನ ಜಾಗ ತಿದ್ದಿದಳು.

ಆರಕ್ಕೆ ಕಛೇರಿ ಶುರುವಾಯಿತು. ಸುಗತನ ಕೃತಿಗೆ ಹಿಂದಿನ ಸಾಲಿನವರು ಮಾಮೂಲಿನಂತೆ ಎದ್ದು ಹೋದರು. ಉಳಿದವರು ಚಪ್ಪಾಳೆ ತಟ್ಟಿದರು. ಚಾಚಾ ತಂತಿ ನೋಡಿ ಏನನ್ನುತ್ತಾರೋ ಎಂಬ ಯೋಚನೆಯಲ್ಲಿ ಅದೊಂದೂ ಅವಳ ಕಿವಿಗೆ ಬೀಳಲಿಲ್ಲ.

ಸ್ಕ್ರೂ ಎಲ್ಲ ತೆಗೆದ ಮೇಲೆ ಚಾಚಾ ಒಂದೊಂದೇ ತಂತಿ ತಡವಿ ನೋಡಿದರು. ಶ್ರೀರಾಮಪ್ಪ ಬೀಗದ ಕೈ ಹಿಡಿದು ನಿಂತಿದ್ದರು.

"ಏನೂ ಆಗಿಲ್ಲ ಸಾಬ್," ಎಂದರು ಚಾಚಾ ಮುಚ್ಚಳ ಇಳಿಸಿ. ಆಮೇಲೆ ಅವಳ ಕಡೆ ತಿರುಗಿದರು. "ಮುಂದಿನ ಸಲ ಮೊದ್ಲು ನನ್ನ ಕರೀಬೇಕು. ಸ್ಕ್ರೂ ನಾನು ಆರಿಸ್ತೀನಿ."